ಬೇಸಿಗೆಯ ಪ್ರಯೋಗಾಲಯ: ಕೇಳಲು ಸಂಕೋಚ ಬೇಡ



ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಎಲ್ಲಿಗೆ ಕಳಿಸೋಣ ಎಂಬ ಮಾತು ಪ್ರತಿ ವಾರ ನಮ್ಮ ಶಾಲೆಯ ಪಾರ್ಕಿಂಗ್ ಲಾಟ್‌ನಲ್ಲಿ ನಡೆಯುತ್ತದೆ. ಸಾವಿರಾರು ಡಾಲರ್ ಶುಲ್ಕದ ವಿಜ್ಞಾನ ಕ್ಯಾಂಪುಗಳು ಎಲ್ಲರಿಗೂ ಗೊತ್ತು. ಶುಲ್ಕವೇ ಇಲ್ಲದ, ಕೆಲವೆಡೆ ಮಕ್ಕಳಿಗೇ ಹಣ ಕೊಡುವ ಸಂಶೋಧನಾ ಕಾರ್ಯಕ್ರಮಗಳ ಸುದ್ದಿ ಅಷ್ಟಾಗಿ ಹರಡಿಲ್ಲ. ಅವು ನಮಗಲ್ಲ ಎಂದುಕೊಂಡಿದ್ದೇವೆ.

ಆದರೆ ಒಬ್ಬರ ಸಂಬಳದ ಮೇಲೆ ನಿಂತ ಮನೆ, ಕೆಲಸ ಹೋದ ಮನೆ, ತಾಯಿಯೊಬ್ಬರೇ ನಡೆಸುವ ಮನೆ, ಅಂಗಡಿಯಲ್ಲಿ ಗಂಟೆ ಲೆಕ್ಕದಲ್ಲಿ ದುಡಿಯುವವರ ಮನೆ ನಮ್ಮ ನಡುವೆಯೂ ಇವೆ. ಹೇಳಿಕೊಳ್ಳುವುದಿಲ್ಲ, ಅಷ್ಟೇ.

ಅಮೆರಿಕನ್ ಕೆಮಿಕಲ್ ಸೊಸೈಟಿಯ ಕಚೇರಿ ಇಲ್ಲೇ ವಾಷಿಂಗ್ಟನ್ ನಗರದಲ್ಲಿದೆ. ಅದರ ಪ್ರಾಜೆಕ್ಟ್ ಸೀಡ್ 1968ರಿಂದ ಕಡಿಮೆ ಆದಾಯದ ಮನೆಗಳ ಹೈಸ್ಕೂಲ್ ಮಕ್ಕಳನ್ನು ಬೇಸಿಗೆಯಲ್ಲಿ ವಿಜ್ಞಾನಿಗಳ ಜೊತೆ ಪ್ರಯೋಗಾಲಯದಲ್ಲಿ ಕೂರಿಸಿ, ಭತ್ಯೆಯನ್ನೂ ಕೊಡುತ್ತಿದೆ. ಎಂಐಟಿಯ ಮೈಟ್ಸ್ ಕಾರ್ಯಕ್ರಮದಲ್ಲಿ ಆರು ವಾರದ ಪಾಠ, ಊಟ, ವಸತಿ ಉಚಿತ. ನಾರ್ತ್ ಕೆರೊಲಿನಾದಲ್ಲಿ ನೆಂಟರಿದ್ದರೆ, ಅಲ್ಲಿನ ಸರಕಾರದ ಹಣದಲ್ಲೇ ನಡೆಯುವ ಸಮ್ಮರ್ ವೆಂಚರ್ಸ್ ಬಗ್ಗೆ ಹೇಳಿ.

ಈಗ ಕೆಲಸದ ಮಾತು. ಹಲವು ಅರ್ಜಿಗಳು ಚಳಿಗಾಲದಲ್ಲೇ ಮುಗಿದುಹೋಗುತ್ತವೆ. ಏಪ್ರಿಲ್‌ನಲ್ಲಿ ಹುಡುಕಲು ಕೂತರೆ ಬಸ್ಸು ಹೋದ ಮೇಲೆ ಕೈ ತೋರಿಸಿದಂತೆ. ಶಿಫಾರಸು ಪತ್ರವನ್ನು ಅಕ್ಟೋಬರ್‌ನಲ್ಲೇ ಕೇಳಿ. ಆದಾಯಕ್ಕೆ ಆಧಾರವಾಗಿ ತೆರಿಗೆ ಪತ್ರ ಸಿದ್ಧವಾಗಿರಲಿ. ಫೆಡರಲ್ ಪ್ರಯೋಗಾಲಯಗಳಲ್ಲಿ ಹಲವು ಕಡೆ ಪೌರತ್ವ ಕೇಳುತ್ತಾರೆ. ಎಚ್-4 ವೀಸಾದ ಮಕ್ಕಳು ಭತ್ಯೆಯ ನಿಯಮವನ್ನು ಮೊದಲೇ ವಿಚಾರಿಸಬೇಕು.

ಇನ್ನೊಂದು, ಶಾಲೆಯ ಊಟದ ಫಾರಂ. ಆದಾಯ ಫೆಡರಲ್ ಬಡತನ ರೇಖೆಯ ಶೇ. 185ರೊಳಗಿದ್ದರೆ ರಿಯಾಯಿತಿ ಊಟ, ಶೇ. 130ರೊಳಗಿದ್ದರೆ ಉಚಿತ ಊಟ ಸಿಗುತ್ತದೆ. ನಮ್ಮ ಮಗು ಮನೆಯಿಂದಲೇ ಚಿತ್ರಾನ್ನ ಒಯ್ಯುತ್ತದೆ, ನಮಗೇಕೆ ಎಂದು ಬಿಟ್ಟುಬಿಡುತ್ತೇವೆ. ಅದು ಬರೀ ಊಟದ ಮಾತಲ್ಲ. ಆ ಅರ್ಹತೆ ಇದ್ದರೆ ಎಸ್‌ಎಟಿ ಶುಲ್ಕ, ಕಾಲೇಜು ಅರ್ಜಿಯ ಶುಲ್ಕ ಮನ್ನಾ ಆಗುತ್ತವೆ. ಎಷ್ಟೋ ಕಾರ್ಯಕ್ರಮಗಳು ಅದನ್ನೇ ನೋಡುತ್ತವೆ.

ಪ್ರಬಂಧದಲ್ಲಿ ಮಕ್ಕಳು ತಮ್ಮ ನಿಜವಾದ ದಿನವನ್ನು ಬರೆಯಲಿ. ತಂಗಿಯನ್ನು ನೋಡಿಕೊಂಡದ್ದು, ಡಾಕ್ಟರ ಮಾತನ್ನು ಅಜ್ಜಿಗೆ ಕನ್ನಡದಲ್ಲಿ ತಿಳಿಸಿದ್ದು, ಇಲ್ಲಿ ಚಿಕ್ಕವರಿಗೆ ಕಾಗುಣಿತ ತಿದ್ದಿಸಿದ್ದು, ಎಲ್ಲವೂ ಯೋಗ್ಯತೆಯೇ.

ಕೇಳಿದರೆ ಮರ್ಯಾದೆ ಹೋಗುತ್ತದೆ ಎನ್ನುವವರಿಗೆ ಒಂದು ಮಾತು. ನಮ್ಮ ಹಿರಿಯರಲ್ಲಿ ಎಷ್ಟೋ ಜನ ವಾರಾನ್ನ ಉಂಡು ಓದಿದವರು. ಗೌರಿಬಿದನೂರು ಕಡೆಯ ಬಡ ಹುಡುಗ ಎಚ್. ನರಸಿಂಹಯ್ಯ ಓದುವುದಕ್ಕಾಗಿ ಬೆಂಗಳೂರಿಗೆ ನಡೆದೇ ಬಂದರು. ಮುಂದೆ ಇದೇ ದೇಶದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಪಿಎಚ್‌.ಡಿ. ಪಡೆದು, ಊರಿಗೆ ಮರಳಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಯಾರೂ ಅವರ ಮರ್ಯಾದೆ ಕಡಿಮೆಯಾಯಿತು ಎನ್ನಲಿಲ್ಲ.

ಅನುಕೂಲವಿರುವವರಲ್ಲಿ ನನ್ನದೊಂದು ಕೋರಿಕೆ. ವಾರಾನ್ನದ ಕಾಲದಲ್ಲಿ ಮನೆಗೊಂದು ದಿನ ಹಂಚಿಕೊಳ್ಳುತ್ತಿದ್ದರು. ಪ್ರಯೋಗಾಲಯ ಬೆಥೆಸ್ಡಾದಲ್ಲಿದ್ದು, ಹುಡುಗಿಯ ಮನೆ ಮನಾಸಸ್‌ನಲ್ಲಿದ್ದು, ಇರುವ ಒಂದೇ ಕಾರಿನಲ್ಲಿ ಅಪ್ಪ ಕೆಲಸಕ್ಕೆ ಹೋದರೆ, ಸಿಕ್ಕ ಸೀಟೂ ಕೈತಪ್ಪುತ್ತದೆ. ವಾರಕ್ಕೊಂದು ದಿನ ನೀವು ಕರೆದೊಯ್ಯಿರಿ. ಶಿಕ್ಷಕರೇ, ಮುಂದಿನ ಸೆಪ್ಟೆಂಬರ್‌ನ ಮೊದಲ ತರಗತಿಯಲ್ಲೇ ಈ ಕಾರ್ಯಕ್ರಮಗಳ ಪಟ್ಟಿಯನ್ನು ಎಲ್ಲ ಮಕ್ಕಳ ಕೈಗೂ ಕೊಡಿ. ಎಲ್ಲರಿಗೂ ಕೊಟ್ಟರೆ, ಬೇಕಾದವರು ಯಾರೆಂದು ಯಾರೂ ಕೇಳಬೇಕಾಗಿಲ್ಲ.

ಮಕ್ಕಳೇ, ಅರ್ಜಿ ಹಾಕಿ. ಸಿಗದಿದ್ದರೆ ಮುಂದಿನ ವರ್ಷ ಮತ್ತೆ ಹಾಕಿ. ನಿಮಗೆಲ್ಲ ಒಳ್ಳೆಯದಾಗಲಿ.