ಹಾಜರಿ ಪುಸ್ತಕದಲ್ಲಿ ಕಾಣದ ಕಾಯಿಲೆ

(ಹಾಗಲವಾಡಿಯಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತು)



ಪ್ರತಿ ವರ್ಷ ಫೆಬ್ರವರಿ 11, ಲೂರ್ದು ಮಾತೆಯ ಹಬ್ಬದ ದಿನ, ಕಥೋಲಿಕ ಧರ್ಮಸಭೆ ವಿಶ್ವ ರೋಗಿಗಳ ದಿನವನ್ನು ಆಚರಿಸುತ್ತದೆ. ಪೋಪ್ ಎರಡನೇ ಜಾನ್ ಪೌಲರು 1992ರಲ್ಲಿ ಘೋಷಿಸಿದ ಈ ದಿನ 1993ರಿಂದ ನಡೆದುಕೊಂಡು ಬಂದಿದೆ. ಆ ದಿನ ರೋಗಿಗಳಿಗಾಗಿ ಪ್ರಾರ್ಥನೆ ಮಾಡುತ್ತೇವೆ. ಪ್ರಾರ್ಥನೆ ಮುಗಿಸಿ ಹೊರಗೆ ಬಂದ ಮೇಲೆ ಪಕ್ಕದ ಮನೆಯ ರೋಗಿಗೆ ನಾವು ಏನು ಮಾಡ್ತೀವಿ ಅನ್ನೋದೇ ಇವತ್ತಿನ ಮಾತು.

ಮೊದಲು ನಮ್ಮದೇ ತಪ್ಪು ಹೇಳಿಬಿಡುತ್ತೇವೆ. ನಾವು ನೋಡಿಕೊಳ್ಳುವ ಒಂದು ಸಂಘದಲ್ಲಿ ಒಬ್ಬ ಸದಸ್ಯೆ ಮೂರು ವಾರ ಸಭೆಗೆ ಬರಲಿಲ್ಲ. ನಿಯಮ ನಿಮಗೇ ಗೊತ್ತು, ಒಂದು ಸಭೆ ತಪ್ಪಿದರೆ ಹತ್ತು ರೂಪಾಯಿ ದಂಡ. ಮೂವತ್ತು ರೂಪಾಯಿ ಬರೆದೆವು. "ಯಾಕೆ ಬರ್ಲಿಲ್ಲ" ಅಂತ ಯಾರೂ ಅವರ ಮನೆ ಬಾಗಿಲಿಗೆ ಹೋಗಲಿಲ್ಲ. ನಾವೂ ಹೋಗಲಿಲ್ಲ.

ಆ ತಾಯಿಗೆ ಸಕ್ಕರೆ ಕಾಯಿಲೆ. ತೋಟದಲ್ಲಿ ತೆಂಗಿನ ಗರಿ ಎತ್ತೋವಾಗ ಬರಿಗಾಲಿಗೆ ಜಾಲಿ ಮುಳ್ಳು ಚುಚ್ಚಿತ್ತು. ನೋವೇ ಆಗಿರಲಿಲ್ಲ. ಸಕ್ಕರೆ ಬಹಳ ದಿನ ಹತೋಟಿ ತಪ್ಪಿದರೆ ಕಾಲಿನ ನರ ಮರಗಟ್ಟಿ ಹೋಗುತ್ತವೆ. ಮುಳ್ಳು ಚುಚ್ಚಿದ್ದೂ ತಿಳಿಯೋದಿಲ್ಲ, ಬಿಸಿನೀರು ಸುಟ್ಟದ್ದೂ ತಿಳಿಯೋದಿಲ್ಲ. ಗಾಯ ಕೀವಾಯಿತು. ಅರಿಶಿನ ಹಚ್ಚಿ ಬಟ್ಟೆ ಕಟ್ಟಿಕೊಂಡರು. ಮಗ ಬೆಂಗಳೂರಲ್ಲಿ ಕೆಲಸಕ್ಕಿದ್ದಾನೆ, ಬರೋದು ಭಾನುವಾರ. ಭಾನುವಾರ ಹೊರರೋಗಿ ವಿಭಾಗ ಇರೋದಿಲ್ಲ. ಸೊಸೆ ಕೂಲಿ ಬಿಟ್ಟು ಬಂದರೆ ಅವತ್ತಿನ ದುಡ್ಡು ಹೋಯಿತು. "ನನ್ನಿಂದ ಅವರಿಗ್ಯಾಕೆ ತೊಂದರೆ" ಅಂತ ಆ ತಾಯಿ ಸುಮ್ಮನಿದ್ದರು. ಕೊನೆಗೆ ಆಸ್ಪತ್ರೆಗೆ ಸೇರಿಸಿದಾಗ ಎರಡು ಬೆರಳು ತೆಗೆಯಬೇಕಾಯಿತು. ಮೊದಲನೇ ವಾರವೇ ಯಾರಾದರೂ ಆ ಕಾಲು ನೋಡಿದ್ದರೆ ಬೆರಳು ಉಳಿಯುತ್ತಿತ್ತೋ ಏನೋ.

ಇಲ್ಲಿ ಕೊರತೆ ಆಗಿದ್ದು ಮಾತ್ರೆಯದ್ದಲ್ಲ. 30 ವರ್ಷ ದಾಟಿದವರಿಗೆ ಬಿ.ಪಿ., ಶುಗರ್ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ, ಮಾತ್ರೆಯೂ ಉಚಿತ. ಜೊತೆಗೆ ಬರುವವರು ಇರಲಿಲ್ಲ, ಅಷ್ಟೇ. ಮನೆಯಲ್ಲಿ ಗಂಡಸಿಗೆ ಕಾಯಿಲೆಯಾದರೆ ಹೆಂಡತಿ, ತಾಯಿ, ಮಗಳು ಮೂರು ಜನ ಓಡಾಡ್ತಾರೆ. ಹೆಂಗಸಿಗೆ ಕಾಯಿಲೆಯಾದರೆ ಅವಳೇ ಒಲೆ ಹಚ್ಚಿ, ಮುದ್ದೆ ತಿರುವಿ, ಎಲ್ಲರಿಗೂ ಬಡಿಸಿ, ಉಳಿದದ್ದನ್ನು ತಿಂದು ಮಾತ್ರೆ ನುಂಗಬೇಕು. (ಮುದ್ದೆ ಅಂದಾಗ ನೆನಪಾಯಿತು. ರಾಗಿ ತಿಂದರೆ ಶುಗರ್ ಏರೋದೇ ಇಲ್ಲ ಅಂತ ನಂಬಿ ಎರಡೆರಡು ಮುದ್ದೆ ಉಣ್ಣಬೇಡಿ. ರಾಗಿ ಒಳ್ಳೆಯದೇ, ಆದರೆ ಅದರಲ್ಲೂ ಪಿಷ್ಟ ಇದೆ. ಮುದ್ದೆ ಚಿಕ್ಕದಿರಲಿ, ಸೊಪ್ಪು-ಕಾಳು ಜಾಸ್ತಿ ಇರಲಿ.)

ಮಾರ್ಕನ ಶುಭಸಂದೇಶದಲ್ಲಿ ಒಂದು ಪ್ರಸಂಗವಿದೆ. ಪಾರ್ಶ್ವವಾಯು ಹೊಡೆದವನೊಬ್ಬನನ್ನು ನಾಲ್ಕು ಜನ ಹೊತ್ತು ತಂದರು. ಬಾಗಿಲಲ್ಲಿ ಜನಸಂದಣಿ, ಒಳಗೆ ಹೋಗಲಾಗಲಿಲ್ಲ. ಸೂರು ತೆಗೆದು, ಹಾಸಿಗೆ ಸಮೇತ ಪ್ರಭು ಯೇಸುವಿನ ಮುಂದೆ ಇಳಿಸಿದರು. ಆ ನಾಲ್ವರ ಹೆಸರು ಯಾರಿಗೂ ಗೊತ್ತಿಲ್ಲ. ಆದರೆ ಯೇಸು ನೋಡಿದ್ದು ಅವರ ವಿಶ್ವಾಸವನ್ನು.

ನಮ್ಮ ಪಕ್ಕದ ಕೇರಳದಲ್ಲಿ ಇಂಥದ್ದೇ ಕೆಲಸ ದೊಡ್ಡದಾಗಿ ನಡೆದಿದೆ. 1993ರಲ್ಲಿ ಕೋಳಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ, ವಾಸಿಯಾಗದ ನೋವಿನಲ್ಲಿರುವವರಿಗಾಗಿ ಉಪಶಮನ ಆರೈಕೆ ಶುರುವಾಯಿತು. ಎಲ್ಲರೂ ಆಸ್ಪತ್ರೆವರೆಗೆ ಬರಲಾರರು ಅಂತ ಕಂಡುಬಂದ ಮೇಲೆ, ಮಲಪ್ಪುರಂ ಕಡೆ ಊರಿನ ಸಾಮಾನ್ಯ ಜನರೇ ತರಬೇತಿ ಪಡೆದು ಮನೆಮನೆಗೆ ಹೋಗತೊಡಗಿದರು. ಚಿಕ್ಕ ಚಿಕ್ಕ ದೇಣಿಗೆ ಸೇರಿಸಿ ಖರ್ಚು ನಡೆಸಿದರು. 2008ರಲ್ಲಿ ಕೇರಳ ಸರ್ಕಾರ ಇದಕ್ಕಾಗಿಯೇ ಒಂದು ನೀತಿಯನ್ನು ತಂದಿತು. ಹೋದವರೆಲ್ಲ ಡಾಕ್ಟರಲ್ಲ. ಗಾಯ ತೊಳೆಯೋದು, ಮಗ್ಗಲು ತಿರುಗಿಸೋದು, ಅರ್ಧ ಗಂಟೆ ಕೂತು ಮಾತಾಡೋದು, ಇಷ್ಟು ಕಲಿತವರು. ನಮ್ಮ ಕೈಲಿ ಆಗದ್ದೇನೂ ಇದರಲ್ಲಿಲ್ಲ.

ಹಾಗಾದರೆ ನಾವು ಏನು ಮಾಡಬಹುದು? ಕಾಯಿಲೆಯಿಂದ ಬಾರದವರಿಗೆ ದಂಡ ಬೇಡ. ಎರಡು ವಾರ ಬರಲಿಲ್ಲ ಅಂದರೆ ಇಬ್ಬರು ಹೋಗಿ ನೋಡಿಕೊಂಡು ಬರಲಿ, ಆಮೇಲೆ ಪುಸ್ತಕ ತೆರೆಯೋಣ. ಆಸ್ಪತ್ರೆಗೆ ಜೊತೆಗೆ ಹೋಗಲು ಸರದಿ ಹಾಕಿಕೊಳ್ಳಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲವಲ್ಲ, ರೋಗಿಗೂ ಜೊತೆಗಾತಿಗೂ ಅದು ಅನುಕೂಲ. ಹದಿನೈದು ಜನರ ಸಂಘದಲ್ಲಿ ವಾರಕ್ಕೆ ತಲಾ ಐದು ರೂಪಾಯಿ ಬೇರೆ ಎತ್ತಿಟ್ಟರೆ ವರ್ಷಕ್ಕೆ 3,900 ರೂಪಾಯಿ ಆಗುತ್ತದೆ. ಬಡ್ಡಿಯಿಲ್ಲದೆ ಕೊಡಿ. ಅದು ದೊಡ್ಡ ಆಪರೇಷನ್ನಿಗೆ ಸಾಲದು. ಆದರೆ ರಾತ್ರಿ ಹೊತ್ತು ಆಟೋಗೆ, ಹೊರಗಡೆ ಪರೀಕ್ಷೆಗೆ, ಬಡ್ಡಿಯವನ ಮನೆಗೆ ಹೋಗೋದು ತಪ್ಪುತ್ತದೆ.

ಕ್ಷಯ ಇದ್ದವರ ಮಾತೂ ಹೇಳಬೇಕು. "ಗೊತ್ತಾದರೆ ಮಗಳಿಗೆ ಗಂಡು ಬರೋಲ್ಲ" ಅಂತ ಮುಚ್ಚಿಡುವ ಕಾಯಿಲೆ ಅದು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧ, ಉಚಿತ. ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 500 ರೂಪಾಯಿ ಬರುತ್ತಿದ್ದದ್ದು 2024ರ ನವೆಂಬರಿನಿಂದ 1,000 ಆಗಿದೆ. ಎರಡು ತಿಂಗಳಿಗೆ ಮೈ ಹಗುರಾಗುತ್ತದೆ, ಆಗಲೇ ಮಾತ್ರೆ ಬಿಡುತ್ತಾರೆ, ಅಲ್ಲೇ ಅಪಾಯ. ತಟ್ಟೆ-ಲೋಟದಿಂದ ಇದು ಹರಡುವುದಿಲ್ಲ. ಅವರ ತಟ್ಟೆ ಬೇರೆ ಇಟ್ಟರೆ, ಕಾಯಿಲೆಗಿಂತ ಅದೇ ಹೆಚ್ಚು ನೋಯಿಸುತ್ತದೆ.

ನೋಡಿಕೊಳ್ಳುವವರನ್ನೂ ಮರೀಬೇಡಿ. ಹಾಸಿಗೆ ಹಿಡಿದ ಅತ್ತೆಯನ್ನು ಎರಡು ವರ್ಷದಿಂದ ತೊಳೆದು ಬಳಿದು ಮಾಡುತ್ತಿರುವ ಸೊಸೆ ಎಲ್ಲಾದರೂ ಸಿಟ್ಟಿನಲ್ಲಿ ಒಂದು ಮಾತು ಆಡಿದರೆ ಊರೆಲ್ಲ ಅದನ್ನೇ ಆಡಿಕೊಳ್ಳುತ್ತದೆ. ಒಂದು ಮಧ್ಯಾಹ್ನ ನೀವು ಹೋಗಿ ಕೂತು, "ನೀನು ತವರಿಗೆ ಹೋಗಿ ಬಾರಮ್ಮ, ಸಾಯಂಕಾಲದವರೆಗೂ ನಾವಿರ್ತೀವಿ" ಅನ್ನಿ. ಅಷ್ಟು ಅಂದವರು ನಮ್ಮಲ್ಲಿ ಬಹಳ ಕಡಿಮೆ.

ಬೆರಳು ಕಳೆದುಕೊಂಡ ಆ ತಾಯಿಯ ಮನೆ ಜಗುಲಿಯಲ್ಲೇ ಈಗ ಅವರ ಸಂಘದ ಸಭೆ ನಡೆಯುತ್ತದೆ. ಬರೆದಿದ್ದ ಮೂವತ್ತು ರೂಪಾಯಿ ಹೊಡೆದುಹಾಕಿದ್ದೇವೆ. ಪ್ರತಿ ಸಭೆಯಲ್ಲೂ ಯಾರಾದರೂ ಒಬ್ಬರು ಅವರ ಅಂಗಾಲು ತಿರುಗಿಸಿ ನೋಡುತ್ತಾರೆ. ಅವರಿಗೆ ಬಗ್ಗಿ ನೋಡಿಕೊಳ್ಳಲು ಆಗುವುದಿಲ್ಲ.

ಈಗ ಊಟಕ್ಕೆ ಏಳುವ ಮುಂಚೆ ಪ್ರತಿ ಸಂಘದವರೂ ನಿಮ್ಮ ಹಾಜರಿ ಪುಸ್ತಕ ತೆಗೆಯಿರಿ. ಎರಡು ವಾರದಿಂದ ಬಾರದವರು ಯಾರ್ಯಾರು ಅಂತ ಹೆಸರು ಓದಿ. ಅವರ ಮನೆಗೆ ಇವತ್ತು ಸಾಯಂಕಾಲ ಯಾರು ಹೋಗ್ತೀರಿ ಅಂತ ಇಲ್ಲೇ ಹೇಳಿಬಿಡಿ.