ಮಗುವಿಗೆ ಭೇದಿ, ಕೆಲಸಕ್ಕೆ ಹೋಗೋದು ಹೇಗೆ?



ನಮ್ಮ ಶಿಡ್ಲಘಟ್ಟ ರೇಷ್ಮೆಯ ಊರು. ನೂಲು ತೆಗೆದರೆ ಕೂಲಿ. ಅಂಥ ದಿನವೇ ಮಗುವಿಗೆ ಭೇದಿ ಶುರುವಾದರೆ ಏನು ಮಾಡೋಣ?

ಫಿಲೇಚರ್‌ಗೆ ಕರೆದೊಯ್ಯುವುದು ಬೇಡ. ಅಲ್ಲಿ ಗೂಡು ಬೇಯಿಸುವ ಬಿಸಿನೀರು, ಹಬೆ. ಅಂಗನವಾಡಿಗೂ ಬೇಡ. ಬೇರೆ ಮಕ್ಕಳಿಗೆ ಹರಡುತ್ತೆ. ದೊಡ್ಡ ಮಗಳ ಶಾಲೆ ಬಿಡಿಸುವುದಂತೂ ಬೇಡವೇ ಬೇಡ. ತರಗತಿಯಲ್ಲಿ ಅವಳ ಜಾಗ ಖಾಲಿ ಕಂಡರೆ ನಮಗೆ ಸಂಕಟ.

ಗಂಡನೂ ಒಂದು ದಿನ ಉಳಿಯಲಿ. ಮಗು ಇಬ್ಬರದೂ ಅಲ್ಲವೇ? ಆಗದಿದ್ದರೆ ಅಜ್ಜಿ, ಇಲ್ಲವೇ ನೆರೆಮನೆಯಾಕೆ. ಇಂದು ನಮ್ಮ ಮಗುವನ್ನು ಅವರು, ನಾಳೆ ಅವರದನ್ನು ನಾವು ನೋಡೋಣ.

ನೋಡಿಕೊಳ್ಳುವವರಿಗೆ ಹೇಳಿ ಹೋಗೋಣ. ಆಶಾ ಕಾರ್ಯಕರ್ತೆ ಕೊಡುವ ಓ.ಆರ್.ಎಸ್. ಪೊಟ್ಟಣವನ್ನು 1 ಲೀಟರ್ ಕಾಯಿಸಿ ಆರಿಸಿದ ನೀರಿಗೆ ಹಾಕಿ, ಸ್ವಲ್ಪ ಸ್ವಲ್ಪ ಕುಡಿಸಬೇಕು. ಕಣ್ಣು ಗುಳಿಬಿದ್ದರೆ, ಕುಡಿಯದಿದ್ದರೆ ಕೂಡಲೇ ಆಸ್ಪತ್ರೆಗೆ. ಗಾಡಿಗೆ 108.

ಕೂಲಿ ನಾಳೆಯೂ ಸಿಗುತ್ತೆ. ಮಗು?