ಮನೆಯಿಂದ ಜಿಲ್ಲಾ ಆಸ್ಪತ್ರೆಯವರೆಗೆ: ಬೆಳವಣಿಗೆಯ ನ್ಯೂನತೆಯುಳ್ಳ ಮಕ್ಕಳ ಕುಟುಂಬಗಳು ಮತ್ತು ಗ್ರಾಮ ಪಂಚಾಯತಿ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಕಾರ್ಯಕ್ರಮದಲ್ಲಿ ನೀಡಲಾದ ಉಪನ್ಯಾಸದ ಪಾಠ)



ವಿಕಲಚೇತನರು ಎಂದೊಡನೆ ಕಣ್ಣ ಮುಂದೆ ಬರುವುದು ಊರುಗೋಲು, ತ್ರಿಚಕ್ರ ವಾಹನ, ಕಪ್ಪು ಕನ್ನಡಕ. ಪಂಚಾಯತಿಯ ಕ್ರಿಯಾ ಯೋಜನೆಗಳಲ್ಲಿಯೂ ಬಹುಪಾಲು ಇವೇ ಕಾಣಿಸಿಕೊಳ್ಳುತ್ತವೆ. ಆದರೆ ಗ್ರಾಮಗಳಲ್ಲಿ ಇನ್ನೊಂದು ಬಗೆಯ ಮಕ್ಕಳೂ ಇದ್ದಾರೆ. ಎರಡು ವರ್ಷ ತುಂಬಿದರೂ ಮಾತು ಬಾರದ ಮಗು, ಹೆಸರು ಹಿಡಿದು ಕರೆದರೆ ತಿರುಗಿ ನೋಡದ ಮಗು, ಕತ್ತು ನಿಲ್ಲದೆ ತಾಯಿಯ ತೊಡೆಯ ಮೇಲೆಯೇ ಬೆಳೆಯುತ್ತಿರುವ ಮಗು, ಏಳು ವರ್ಷವಾದರೂ ತಾನಾಗಿ ಉಣ್ಣಲಾರದ ಮಗು. ಇವರು ಯಾವ ಸಭೆಗೂ ಬರುವುದಿಲ್ಲ. ಇವರ ತಂದೆ ತಾಯಿಗಳು ಅರ್ಜಿ ಹಿಡಿದು ಪಂಚಾಯತಿ ಕಚೇರಿಗೆ ಬರುವುದೂ ವಿರಳ. ಮಗುವಿನ ಸ್ಥಿತಿಗೆ ಒಂದು ಹೆಸರಿದೆಯೆಂದೂ ಅದಕ್ಕೆ ಸರ್ಕಾರದ ಸೇವೆಗಳಿವೆಯೆಂದೂ ಅನೇಕರಿಗೆ ತಿಳಿದೇ ಇಲ್ಲ.

1995ರ ಕಾಯ್ದೆಯಲ್ಲಿ ಅಂಗವೈಕಲ್ಯದ ಬಗೆಗಳು ಕೇವಲ 7 ಇದ್ದವು. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಅವುಗಳನ್ನು 21ಕ್ಕೆ ವಿಸ್ತರಿಸಿತು. ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ನಿರ್ದಿಷ್ಟ ಕಲಿಕಾ ನ್ಯೂನತೆ, ಬಹುವಿಧ ಅಂಗವೈಕಲ್ಯ ಇವೆಲ್ಲವೂ ಇಂದು ಕಾಯ್ದೆಯ ವ್ಯಾಪ್ತಿಯಲ್ಲಿವೆ. ಆದುದರಿಂದ ಕೈಕಾಲು ನೆಟ್ಟಗಿರುವ ಮಗುವಿಗೆ ಪ್ರಮಾಣ ಪತ್ರ ದೊರೆಯದು ಎಂದು ಯಾರಾದರೂ ಹೇಳಿದರೆ ಅದು ಹಳೆಯ ತಿಳಿವಳಿಕೆ.

ಈ ಮಕ್ಕಳ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ನಷ್ಟವು ಕಾಯುವುದರಿಂದ ಆಗುತ್ತದೆ. "ಅವರಪ್ಪನಿಗೂ ಮಾತು ತಡವಾಗಿಯೇ ಬಂದಿತ್ತು" ಎಂದು ಅಜ್ಜಿ ಹೇಳುತ್ತಾರೆ. "ಗಂಡು ಮಗು, ಸ್ವಲ್ಪ ನಿಧಾನ" ಎಂದು ನೆರೆಯವರು ಸಮಾಧಾನ ಹೇಳುತ್ತಾರೆ. ಹೀಗೆಯೇ ಮೂರು ವರ್ಷ, ನಾಲ್ಕು ವರ್ಷ ಕಳೆಯುತ್ತದೆ. ಮಿದುಳು ಅತ್ಯಂತ ವೇಗವಾಗಿ ಬೆಳೆಯುವುದು ಈ ಮೊದಲ ವರ್ಷಗಳಲ್ಲಿಯೇ. ಮಾತು, ನಡಿಗೆ, ಕೈಬಳಕೆಯ ತರಬೇತಿಯು ಹೆಚ್ಚು ಫಲ ಕೊಡುವುದೂ ಆಗಲೇ. ಹದಿನೆಂಟು ತಿಂಗಳಾದರೂ ನಡೆಯದ, ಎರಡು ವರ್ಷವಾದರೂ ಎರಡು ಪದ ಕೂಡಿಸಿ ಆಡದ ಮಗುವನ್ನು ವೈದ್ಯರಿಗೆ ತೋರಿಸುವುದು ಅವಶ್ಯಕ. ತೋರಿಸಿದ ಮೇಲೆ ಏನೂ ತೊಂದರೆಯಿಲ್ಲವೆಂದು ತಿಳಿದರೆ ಒಂದು ದಿನದ ಕೂಲಿಯಷ್ಟೇ ಹೋದೀತು. ದೇವರಿಗೆ ಹರಕೆ ಹೊರುವುದನ್ನು ಯಾರೂ ತಡೆಯಬೇಕಿಲ್ಲ, ಅದರ ಜೊತೆಯಲ್ಲಿಯೇ ತಪಾಸಣೆಯೂ ನಡೆಯಲಿ.

ತಪಾಸಣೆಯ ವ್ಯವಸ್ಥೆ ಗ್ರಾಮದ ಬಾಗಿಲಿಗೇ ಬರುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ವೈದ್ಯಕೀಯ ತಂಡವು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಶಾಲೆಗಳಿಗೆ ಒಂದು ಬಾರಿ ಭೇಟಿ ನೀಡಬೇಕೆಂಬುದು ನಿಯಮ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳು ಇದರ ವ್ಯಾಪ್ತಿಗೆ ಬರುತ್ತಾರೆ. ಬೆಳವಣಿಗೆಯಲ್ಲಿ ಹಿಂದುಳಿದಿರುವ ಮಗು ಕಂಡುಬಂದರೆ ತಂಡವು ಶಿಫಾರಸು ಚೀಟಿ ಬರೆದು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸುತ್ತದೆ. ಮಕ್ಕಳ ವೈದ್ಯರು, ಫಿಸಿಯೋಥೆರಪಿ, ವಾಕ್ ಮತ್ತು ಶ್ರವಣ ತಜ್ಞರು, ಮನಃಶಾಸ್ತ್ರಜ್ಞರು ಒಂದೇ ಕಡೆ ದೊರೆಯಬೇಕೆಂಬುದು ಆ ಕೇಂದ್ರದ ಉದ್ದೇಶ. ಇಷ್ಟಾದರೂ ತೀವ್ರ ನ್ಯೂನತೆಯುಳ್ಳ ಮಗು ಅಂಗನವಾಡಿಗೇ ಬರುವುದಿಲ್ಲ. ತಂಡ ಬಂದ ದಿನ ಆ ಮಗು ಮನೆಯಲ್ಲಿಯೇ ಇರುತ್ತದೆ. ತಂಡ ಬರುವ ದಿನಾಂಕವನ್ನು ಆಶಾ ಕಾರ್ಯಕರ್ತೆಯಿಂದ ಮುಂಚಿತವಾಗಿ ತಿಳಿದು, ವಾರ್ಡಿನ ಅಂತಹ ಮಕ್ಕಳನ್ನು ಆ ದಿನ ಅಂಗನವಾಡಿಗೆ ಕರೆತರಿಸುವುದು ಒಬ್ಬ ಸದಸ್ಯರಿಂದ ಸುಲಭವಾಗಿ ಆಗುವ ಕೆಲಸ. ಇದಕ್ಕೆ ಅನುದಾನ ಬೇಕಿಲ್ಲ, ಠರಾವೂ ಬೇಕಿಲ್ಲ.

ಚೀಟಿ ಕೈಸೇರಿದ ಮೇಲೆ ನಿಜವಾದ ಕಷ್ಟ ಆರಂಭವಾಗುತ್ತದೆ. ಜಿಲ್ಲಾ ಕೇಂದ್ರದಿಂದ ಎಪ್ಪತ್ತು ಕಿಲೋಮೀಟರ್ ದೂರದ ಗ್ರಾಮದಲ್ಲಿ ಕೂಲಿ ಮಾಡುವ ತಾಯಿಯೊಬ್ಬಳ ದಿನವನ್ನು ಊಹಿಸಿದರೆ ಸಾಕು. ಮುಂಜಾನೆಯ ಬಸ್ಸಿಗಾಗಿ ನಾಲ್ಕು ಗಂಟೆಗೆ ಏಳಬೇಕು. ಐದು ವರ್ಷದ, ನಡೆಯಲಾರದ ಮಗುವನ್ನು ಸೊಂಟದ ಮೇಲೆ ಹೊತ್ತು ಎರಡು ಬಸ್ಸು ಬದಲಿಸಬೇಕು. ಆಸ್ಪತ್ರೆಯಲ್ಲಿ ಚೀಟಿ ಸಾಲು, ಅನಂತರ ವೈದ್ಯರ ಸಾಲು. ಕೊನೆಗೆ "ಈ ದಿನ ತಜ್ಞರು ಬಂದಿಲ್ಲ, ಬುಧವಾರ ಬನ್ನಿ" ಎಂಬ ಮಾತು. ಎರಡು ಬಾರಿ ಹೀಗಾದರೆ ಮೂರನೆಯ ಬಾರಿ ಅವಳು ಹೋಗುವುದಿಲ್ಲ. ಚೀಟಿ ಗೋಡೆಯ ಮೊಳೆಗೆ ಸಿಕ್ಕಿಸಿದಲ್ಲಿಯೇ ಉಳಿಯುತ್ತದೆ. ಕಡತದಲ್ಲಿ ಮಾತ್ರ "ಶಿಫಾರಸು ಮಾಡಲಾಗಿದೆ" ಎಂದು ದಾಖಲಾಗಿರುತ್ತದೆ. ಆ ತಾಯಿಗೆ ಆಸಕ್ತಿಯಿಲ್ಲವೆಂದು ಹೇಳುವವರು ಅವಳ ಜೊತೆಯಲ್ಲಿ ಒಮ್ಮೆ ಆ ಬಸ್ಸು ಹತ್ತಿ ನೋಡುವುದು ಒಳ್ಳೆಯದು.

ಇಲ್ಲಿ ನೆರವಿಗೆ ಬರಬೇಕಾದವರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಇವರು ಗ್ರಾಮ ಪಂಚಾಯತಿ ಮಟ್ಟದಲ್ಲಿ, ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ತಾಲ್ಲೂಕು ಮಟ್ಟದಲ್ಲಿ ಕೆಲಸ ಮಾಡುತ್ತಾರೆ. ಕಡಿಮೆ ಗೌರವಧನದಲ್ಲಿ, ಬಹುತೇಕ ತಾವೂ ವಿಕಲಚೇತನರಾಗಿದ್ದುಕೊಂಡು ಸೇವೆ ಸಲ್ಲಿಸುತ್ತಿರುವ ಇವರನ್ನು ಪಂಚಾಯತಿಯ ಇತರ ಬರವಣಿಗೆ ಕೆಲಸಗಳಿಗೆ ಬಳಸಿಕೊಂಡರೆ ಮನೆ ಭೇಟಿ ನಿಂತುಹೋಗುತ್ತದೆ. ಯಾವ ತಜ್ಞರು ಯಾವ ವಾರ ಲಭ್ಯರಿರುತ್ತಾರೆ, ವೈದ್ಯಕೀಯ ಮಂಡಳಿ ಯಾವಾಗ ಸೇರುತ್ತದೆ ಎಂಬುದನ್ನು ಇವರು ಫೋನಿನಲ್ಲಿ ವಿಚಾರಿಸಿ, ನಾಲ್ಕೈದು ಕುಟುಂಬಗಳನ್ನು ಒಂದೇ ದಿನ ಒಂದೇ ವಾಹನದಲ್ಲಿ ಕರೆದೊಯ್ಯುವಂತೆ ಪಂಚಾಯತಿಯು ಏರ್ಪಾಡು ಮಾಡಬಹುದು. ಜಿಲ್ಲೆಯಲ್ಲಿ ಸಿಗದ ಪರೀಕ್ಷೆಗಳಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹಾಗೂ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬೇಕಾಗಬಹುದು. ಮೊದಲ ಬಾರಿಗೆ ನಗರಕ್ಕೆ ಹೋಗುವ ಕುಟುಂಬಕ್ಕೆ ಅಲ್ಲಿ ಯಾವ ಬಾಗಿಲಲ್ಲಿ ಕೇಳಬೇಕೆಂಬುದನ್ನು ಬರೆದುಕೊಟ್ಟರೂ ಅದು ದೊಡ್ಡ ಉಪಕಾರ.

ವಿಶಿಷ್ಟ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್, ಬಹುತೇಕ ಸೌಲಭ್ಯಗಳಿಗೆ ಬೀಗದ ಕೈ. ಶೇ. 40 ಹಾಗೂ ಅದಕ್ಕಿಂತ ಹೆಚ್ಚಿನ ನ್ಯೂನತೆಯೆಂದು ವೈದ್ಯಕೀಯ ಪ್ರಾಧಿಕಾರ ಪ್ರಮಾಣೀಕರಿಸಿದವರು ಮಾಸಾಶನ, ವಿದ್ಯಾರ್ಥಿವೇತನ, ರಿಯಾಯಿತಿ ಬಸ್ ಪಾಸ್ ಮುಂತಾದವುಗಳಿಗೆ ಅರ್ಜಿ ಸಲ್ಲಿಸಬಹುದು. ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ತಾತ್ಕಾಲಿಕ ಪ್ರಮಾಣ ಪತ್ರ ನೀಡಲಾಗುತ್ತದೆ. ಅದರ ಅವಧಿ ಮುಗಿದುದನ್ನು ಕುಟುಂಬ ಗಮನಿಸದಿದ್ದರೆ ಸೌಲಭ್ಯವೂ ಸದ್ದಿಲ್ಲದೆ ನಿಂತುಹೋಗುತ್ತದೆ. ಪುನರ್ವಸತಿ ಕಾರ್ಯಕರ್ತರ ವಹಿಯಲ್ಲಿ ಮಗುವಿನ ಹೆಸರಿನ ಮುಂದೆ ನವೀಕರಣದ ದಿನಾಂಕವೂ ಇರಬೇಕು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಹಾಗೂ ಬಹುವಿಧ ಅಂಗವೈಕಲ್ಯವುಳ್ಳವರಿಗೆ ರಾಷ್ಟ್ರೀಯ ನ್ಯಾಸದ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ರಕ್ಷಣೆಯಿದೆ. ಥೆರಪಿಯ ಖರ್ಚೂ ಇದರಲ್ಲಿ ಸೇರುತ್ತದೆ ಎಂಬುದು ಗ್ರಾಮೀಣ ಪ್ರದೇಶದಲ್ಲಿ ತಿಳಿದಿರುವುದು ಕಡಿಮೆ.

ಶಾಲೆಯ ವಿಷಯ. 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಪಡೆಯುವುದು ಶೇ. 40ಕ್ಕೆ ಕಡಿಮೆಯಿಲ್ಲದ ನ್ಯೂನತೆಯುಳ್ಳ ಮಗುವಿಗೆ 2016ರ ಕಾಯ್ದೆ ನೀಡಿರುವ ಹಕ್ಕು. "ಇವನನ್ನು ನೋಡಿಕೊಳ್ಳಲು ಇಲ್ಲಿ ಯಾರೂ ಇಲ್ಲ" ಎಂದು ದಾಖಲಾತಿ ನಿರಾಕರಿಸಲು ಅವಕಾಶವಿಲ್ಲ. ಶಾಲೆಗೆ ಬರಲಾರದ ಮಗುವಿಗೆ ಸಮಗ್ರ ಶಿಕ್ಷಣದಡಿ ಗೃಹಾಧಾರಿತ ಶಿಕ್ಷಣವಿದೆ. ಹೆಸರು ಹಾಜರಿ ಪುಸ್ತಕದಲ್ಲಿದ್ದು ಸಂಪನ್ಮೂಲ ಶಿಕ್ಷಕರು ಮನೆಗೆ ಬಾರದಿದ್ದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಪ್ರಶ್ನಿಸುವ ಹೊಣೆ ಸ್ಥಳೀಯ ಸದಸ್ಯರದು.

ಪಂಚಾಯತಿಯ ಸ್ವಂತ ಸಂಪನ್ಮೂಲದಲ್ಲಿ ಶೇ. 5ರಷ್ಟನ್ನು ವಿಕಲಚೇತನರ ಕಲ್ಯಾಣಕ್ಕೆ ಮೀಸಲಿಡಬೇಕು. ಮಾರ್ಚ್ ತಿಂಗಳ ಕೊನೆಯಲ್ಲಿ ಈ ಹಣವನ್ನು ಎಲ್ಲರಿಗೂ ಸಮನಾಗಿ ಹಂಚಿ ಛಾಯಾಚಿತ್ರ ತೆಗೆಸಿಕೊಳ್ಳುವ ರೂಢಿ ಕೆಲವೆಡೆ ಬೆಳೆದಿದೆ. ಲೆಕ್ಕಕ್ಕೆ ಅದು ಸರಿಯಿರಬಹುದು. ಆದರೆ ಕತ್ತು ನಿಲ್ಲದ ಮಗುವಿಗೆ ಆಧಾರ ಕೊಟ್ಟು ಕೂರಿಸುವ ವಿಶೇಷ ಕುರ್ಚಿ, ಥೆರಪಿಗೆ ಹೋಗಿಬರುವ ವಾಹನ ವೆಚ್ಚ ಇವು ವರ್ಷದ ಆರಂಭದಲ್ಲಿಯೇ ಕ್ರಿಯಾ ಯೋಜನೆಯಲ್ಲಿ ಸೇರಿದರೆ ಮಾತ್ರ ಮಾರ್ಗಸೂಚಿಯ ಮಿತಿಯಲ್ಲಿ ದೊರೆಯಲು ಸಾಧ್ಯ. ಸಾಮಾಜಿಕ ನ್ಯಾಯ ಸಮಿತಿಯು ಮನೆಮನೆಯ ಅಗತ್ಯವನ್ನು ಮೊದಲೇ ಬರೆದಿಟ್ಟುಕೊಂಡಿರಬೇಕಾದುದು ಇದಕ್ಕಾಗಿಯೇ.

ಒಂದು ಸೂಕ್ಷ್ಮ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಅಕ್ಕನ ಮದುವೆಗೆ ಅಡ್ಡಿಯಾದೀತೆಂಬ ಭಯದಿಂದ ಮಗುವನ್ನು ಒಳಮನೆಯಲ್ಲಿ ಇರಿಸುವ ಕುಟುಂಬಗಳಿವೆ. ತಾಯಿಯದೇ ದೋಷವೆಂದು ಸೊಸೆಯನ್ನು ಹೀಗಳೆಯುವ ಮನೆಗಳೂ ಇವೆ. ಗ್ರಾಮ ಸಭೆಯಲ್ಲಿ ಫಲಾನುಭವಿಗಳ ಪಟ್ಟಿಯನ್ನು ಓದುವಾಗ ಮಗುವಿನ ಹೆಸರಿನೊಂದಿಗೆ ನ್ಯೂನತೆಯನ್ನೂ ಗಟ್ಟಿಯಾಗಿ ಓದಿದರೆ, ಆ ಮನೆಯ ಬಾಗಿಲು ಮತ್ತೆ ತೆರೆಯದು. ಪೆದ್ದ, ಹುಚ್ಚ, ಮೂಗ ಎಂಬ ಅಡ್ಡಹೆಸರುಗಳು ಸದಸ್ಯರ ಬಾಯಿಂದ ಬರಬಾರದು. ವಿಕಲಚೇತನ ವ್ಯಕ್ತಿಯನ್ನು ಸಾರ್ವಜನಿಕವಾಗಿ ಉದ್ದೇಶಪೂರ್ವಕವಾಗಿ ಅವಮಾನಿಸುವುದು 2016ರ ಕಾಯ್ದೆಯಂತೆ ಆರು ತಿಂಗಳಿನಿಂದ ಐದು ವರ್ಷದವರೆಗೆ ಸೆರೆವಾಸಕ್ಕೆ ಅರ್ಹವಾದ ಅಪರಾಧ. ಮೊದಲ ಭೇಟಿಗೆ ಆಶಾ ಕಾರ್ಯಕರ್ತೆಯೊಂದಿಗೆ ಮಹಿಳಾ ಸದಸ್ಯರು ಹೋಗಿ, ಅರ್ಜಿ ನಮೂನೆಯನ್ನು ಚೀಲದಿಂದ ತೆಗೆಯುವ ಮುನ್ನ ತಾಯಿಯ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವುದು ಮೇಲು.

ಮಗುವಿಗೆ 18 ವರ್ಷ ತುಂಬಿದ ಮೇಲೆ ಬೇರೊಂದು ತೊಡಕು ಎದುರಾಗುತ್ತದೆ. ಕಾನೂನಿನ ಕಣ್ಣಿನಲ್ಲಿ ಆತ ವಯಸ್ಕ. ಬ್ಯಾಂಕ್ ಖಾತೆ, ಜಮೀನಿನ ಪಾಲು ಮೊದಲಾದ ವ್ಯವಹಾರಗಳಲ್ಲಿ ತಂದೆ ತಾಯಿಯ ಸಹಿ ಸಾಲದೆಂಬ ಆಕ್ಷೇಪಣೆ ಬರಬಹುದು. 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಯು ಕಾನೂನುಬದ್ಧ ಪಾಲಕರನ್ನು ನೇಮಿಸುತ್ತದೆ. ವಯಸ್ಸಾದ ತಂದೆ ತಾಯಿ ತೀರಿಕೊಂಡ ಮೇಲೆ ಈ ಅರ್ಜಿಗಾಗಿ ಓಡಾಡುವವರು ಯಾರೂ ಉಳಿದಿರುವುದಿಲ್ಲ. ಹದಿನೇಳು ದಾಟಿದ ಮಕ್ಕಳ ಮನೆಗಳಿಗೆ ಪುನರ್ವಸತಿ ಕಾರ್ಯಕರ್ತರು ಈ ನಮೂನೆಯನ್ನು ಕೊಂಡೊಯ್ದು, ಅಣ್ಣತಮ್ಮಂದಿರನ್ನೂ ಕೂರಿಸಿಕೊಂಡು, ಮುಂದೆ ಯಾರು ನೋಡಿಕೊಳ್ಳುವರೆಂದು ಹೆತ್ತವರು ಇರುವಾಗಲೇ ಮಾತನಾಡಿಸಬೇಕು.